ತೇಪೆ ಹಾಕಿದರೆ ಸಾಲದು, ಬಿಚ್ಚಲೂ ಬರಬೇಕು

2024ರ ಜುಲೈ 19, ಶುಕ್ರವಾರ. ಭಾರತದಲ್ಲಿ ಆಗ ಬೆಳಗಿನ 9 ಗಂಟೆ 39 ನಿಮಿಷ. ಅಮೆರಿಕದ ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆ ತನ್ನ ಭದ್ರತಾ ತಂತ್ರಾಂಶವನ್ನು ಬಳಸುವ ವಿಂಡೋಸ್ ಕಂಪ್ಯೂಟರುಗಳಿಗೆ ಒಂದು ಪುಟ್ಟ ಕಡತವನ್ನು ರವಾನಿಸಿತು. ಹೊಸ ಬಗೆಯ ದಾಳಿಗಳನ್ನು ಗುರುತಿಸುವುದು ಹೇಗೆಂದು ತಿಳಿಸುವ ಇಂಥ ಕಡತಗಳು ಆಗಾಗ ಹೋಗುತ್ತಲೇ ಇದ್ದವು. ಆದರೆ ಆ ದಿನದ ಕಡತದಲ್ಲಿ ಒಂದು ಎಡವಟ್ಟಿತ್ತು. ತಂತ್ರಾಂಶದ ಕೈಗೆ ಸಿಗುತ್ತಿದ್ದ ಅಂಶಗಳು 20. ಹೊಸ ಕಡತವು 21ನೆಯದನ್ನು ಪರೀಕ್ಷಿಸು ಎಂದಿತು. ಇಲ್ಲದ ವಸ್ತುವಿಗೆ ಕೈಚಾಚಿದ ಯಂತ್ರಗಳು ಅಲ್ಲೇ ಕುಸಿದವು.

ಮೈಕ್ರೋಸಾಫ್ಟ್ ಸಂಸ್ಥೆಯ ಲೆಕ್ಕದ ಪ್ರಕಾರ ಆ ದಿನ ನೀಲಿ ಪರದೆ ತೋರಿಸಿ ನಿಂತ ಕಂಪ್ಯೂಟರುಗಳು ಸುಮಾರು 85 ಲಕ್ಷ. ಬೆಂಗಳೂರು ಸೇರಿದಂತೆ ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಸಾಲು ಬೆಳೆಯಿತು. ಕೆಲವೆಡೆ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದು ಕೊಡಬೇಕಾಯಿತು. ಅಮೆರಿಕದ ಡೆಲ್ಟಾ ವಿಮಾನ ಸಂಸ್ಥೆಯೊಂದೇ ಮುಂದಿನ ಐದು ದಿನಗಳಲ್ಲಿ ಸುಮಾರು 7,000 ಹಾರಾಟಗಳನ್ನು ರದ್ದು ಮಾಡಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ತಪ್ಪು ಗೊತ್ತಾಗಿ ಕಂಪನಿಯು ಆ ಕಡತವನ್ನು ಹಿಂದಕ್ಕೆ ಪಡೆದದ್ದು ಕೇವಲ 78 ನಿಮಿಷಗಳಲ್ಲಿ, ಅಂದರೆ ನಮ್ಮ 10 ಗಂಟೆ 57 ನಿಮಿಷಕ್ಕೆ. ಹಾಗಿದ್ದರೂ ಚೇತರಿಕೆಗೆ ದಿನಗಟ್ಟಲೆ ಹಿಡಿಯಿತು. ಏಕೆಂದರೆ ಏಳಲಾರದ ಯಂತ್ರಕ್ಕೆ ಮದ್ದು ಕುಡಿಸುವುದು ಹೇಗೆ? ಸರಿಪಡಿಸಿದ ಕಡತ ಇಂಟರ್‌ನೆಟ್ಟಿನಲ್ಲಿತ್ತು. ಕಂಪ್ಯೂಟರ್ ಇಂಟರ್‌ನೆಟ್ಟಿನವರೆಗೆ ಹೋಗುವ ಮೊದಲೇ ಬೀಳುತ್ತಿತ್ತು. ಕೊನೆಗೆ ಮನುಷ್ಯರೇ ಒಂದೊಂದು ಯಂತ್ರದ ಮುಂದೆ ಕುಳಿತು, ಅದನ್ನು ಸುರಕ್ಷಿತ ಸ್ಥಿತಿಯಲ್ಲಿ ಎಬ್ಬಿಸಿ, ಆ ಒಂದು ಕಡತವನ್ನು ಹುಡುಕಿ ಅಳಿಸಬೇಕಾಯಿತು.

ಕ್ರೌಡ್‌ಸ್ಟ್ರೈಕ್ ಕಳಿಸಿದ್ದು ಆಪರೇಟಿಂಗ್ ಸಿಸ್ಟಮ್ಮಿನ ಅಪ್‌ಡೇಟ್ ಅಲ್ಲ ಎಂಬುದು ನಿಜ. ಆದರೆ ಆ ತಂತ್ರಾಂಶವು ಆಪರೇಟಿಂಗ್ ಸಿಸ್ಟಮ್ಮಿನ ಒಳಗರ್ಭದಲ್ಲಿ ಕುಳಿತು ಕೆಲಸ ಮಾಡುವಂಥದ್ದು. ಹಾಗಾಗಿ ಅದು ಬಿದ್ದಾಗ ಇಡೀ ಯಂತ್ರವೇ ಬಿತ್ತು. ಅಪ್‌ಡೇಟ್ ಎಂದರೆ ಹೊಸದನ್ನು ಹಾಕುವುದು ಎಂದಷ್ಟೇ ನಾವು ತಿಳಿದಿದ್ದೇವೆ. ಹೊಸದು ಕೈಕೊಟ್ಟರೆ ಹಳೆಯದಕ್ಕೆ ಮರಳುವ ದಾರಿ ಇದೆಯೇ ಎಂಬುದು ಅಷ್ಟೇ ಮುಖ್ಯವಾದ ಪ್ರಶ್ನೆ. ಕಂಪ್ಯೂಟರಿನ ಎಂಬತ್ತು ವರ್ಷಗಳ ಚರಿತ್ರೆಯಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗಿದೆ.

ಕಾಗದದ ತೇಪೆ

ತಂತ್ರಾಂಶದ ದೋಷ ತಿದ್ದುವ ತುಣುಕಿಗೆ ಇಂಗ್ಲಿಷಿನಲ್ಲಿ 'ಪ್ಯಾಚ್' ಎನ್ನುತ್ತಾರೆ. ನಮ್ಮ 'ತೇಪೆ'ಯೇ ಅದು. ಈ ಮಾತು ಆರಂಭದಲ್ಲಿ ಅಲಂಕಾರವಾಗಿರಲಿಲ್ಲ, ಅಕ್ಷರಶಃ ನಿಜವಾಗಿತ್ತು. 1944ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕೆ ತೊಡಗಿದ ಮಾರ್ಕ್ 1 ಎಂಬ ಭಾರಿ ಗಣಕಯಂತ್ರಕ್ಕೆ ಸೂಚನೆಗಳನ್ನು ಕೊಡುತ್ತಿದ್ದುದು ಉದ್ದನೆಯ ಕಾಗದದ ಪಟ್ಟಿಯಲ್ಲಿ ತೂತುಗಳನ್ನು ಕೊರೆದು. ತಪ್ಪು ಜಾಗದಲ್ಲಿ ತೂತು ಬಿದ್ದರೆ ಅದರ ಮೇಲೆ ಕಾಗದದ ಚೂರು ಅಂಟಿಸಿ ಮುಚ್ಚುತ್ತಿದ್ದರು. ಉಳಿದುಬಂದಿರುವ ಪಟ್ಟಿಗಳಲ್ಲಿ ಆ ತೇಪೆಗಳನ್ನು ಇಂದಿಗೂ ಕಾಣಬಹುದು. ಅಂದಿನ ತೇಪೆಯಲ್ಲಿ ಒಂದು ಅನುಕೂಲವಿತ್ತು: ತಪ್ಪಾಗಿ ಅಂಟಿಸಿದ್ದರೆ ಕಿತ್ತು ಹಾಕಬಹುದಿತ್ತು.

ಯಂತ್ರಗಳು ಬೆಳೆದಂತೆ ಈ ಸರಳತೆ ಮಾಯವಾಯಿತು. ಕೀಲಿಮಣೆ, ಪರದೆ, ಡಿಸ್ಕು, ಮುದ್ರಣಯಂತ್ರ ಇವೆಲ್ಲವನ್ನೂ ಹದ್ದುಬಸ್ತಿನಲ್ಲಿಟ್ಟು, ಉಳಿದ ತಂತ್ರಾಂಶಗಳಿಗೆ ಜಾಗ ಹಂಚಿಕೊಡುವ ಮೇಸ್ತ್ರಿಯೇ ಆಪರೇಟಿಂಗ್ ಸಿಸ್ಟಂ. 1964ರಲ್ಲಿ ಐಬಿಎಂ ಪ್ರಕಟಿಸಿದ ಸಿಸ್ಟಂ 360 ಗಣಕಗಳಿಗಾಗಿ ಬರೆದ ಆಪರೇಟಿಂಗ್ ಸಿಸ್ಟಂ ಆ ಕಾಲಕ್ಕೆ ದೈತ್ಯ ಕೃತಿ. ಅದರ ನಿರ್ಮಾಣದ ಹೊಣೆ ಹೊತ್ತಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ ತಮ್ಮ ಅನುಭವಗಳನ್ನು ಪುಸ್ತಕವಾಗಿ ತಂದರು. ಒಂದು ದೋಷವನ್ನು ತಿದ್ದಿದಾಗ ಅದರಿಂದ ಇನ್ನೊಂದು ದೋಷ ಹುಟ್ಟುವ ಸಂಭವ ಶೇ 20ರಿಂದ 50ರಷ್ಟು ಎಂದು ಅವರು ಅದರಲ್ಲಿ ಹೇಳಿದ್ದಾರೆ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗುವುದು ಅಪರೂಪವಲ್ಲ, ತೇಪೆಯ ಸ್ವಭಾವದಲ್ಲೇ ಇದೆ ಎಂಬುದು ಇದರ ಅರ್ಥ. ತೇಪೆ ಎಂದಿಗೂ ತಪ್ಪಾಗದು ಎಂದು ನಂಬಿ ಕೂರುವುದು ಸಾಧ್ಯವಿಲ್ಲವೆಂದ ಮೇಲೆ, ತಪ್ಪಾದಾಗ ಏನು ಮಾಡಬೇಕೆಂದು ಮೊದಲೇ ಯೋಚಿಸಬೇಕಾಯಿತು.

ಹಚ್ಚುವುದು, ಒಪ್ಪುವುದು

ಈ ಯೋಚನೆಯ ಅಚ್ಚುಕಟ್ಟಾದ ರೂಪವನ್ನು ಐಬಿಎಂನ ದೊಡ್ಡ ಗಣಕಗಳಲ್ಲೇ ನೋಡಬಹುದು. ಅಲ್ಲಿನ ತೇಪೆಗಳನ್ನು ನಿರ್ವಹಿಸುವ ತಂತ್ರಾಂಶದಲ್ಲಿ ಮೂರು ಬೇರೆ ಬೇರೆ ಆದೇಶಗಳಿವೆ. ಮೊದಲನೆಯದು 'ಹಚ್ಚು'. ಇದರಿಂದ ತೇಪೆ ಓಡುವ ವ್ಯವಸ್ಥೆಗೆ ಸೇರುತ್ತದೆ, ಆದರೆ ಕಾಪಿಟ್ಟ ಮೂಲ ಪ್ರತಿಯನ್ನು ಮುಟ್ಟುವುದಿಲ್ಲ. ಕೆಲವು ದಿನ ಕೆಲಸ ಮಾಡಿಸಿ ನೋಡಿ, ತೃಪ್ತಿಯಾದ ಮೇಲೆ 'ಒಪ್ಪು' ಎಂಬ ಎರಡನೆಯ ಆದೇಶ. ಆಗ ಮಾತ್ರ ಮೂಲ ಪ್ರತಿಯೂ ಬದಲಾಗುತ್ತದೆ. ತೃಪ್ತಿಯಾಗದಿದ್ದರೆ 'ಮರಳಿಸು' ಎಂಬ ಮೂರನೆಯದು. ಹೊಸ ಸೊಸೆಗೆ ಮೊದಲ ದಿನವೇ ಬೀರುವಿನ ಕೀಲಿ ಕೊಡದ ಅತ್ತೆಯ ಜಾಗರೂಕತೆ ಇದು ಎನ್ನಬಹುದು. ಬ್ಯಾಂಕು, ವಿಮೆಗಳ ಲೆಕ್ಕ ನೋಡುವ ಯಂತ್ರಗಳಿಗೆ ಈ ಜಾಗರೂಕತೆ ಅನಿವಾರ್ಯವೂ ಆಗಿತ್ತು.

1985ರಲ್ಲಿ ಅಮೆರಿಕದ ಲ್ಯಾರಿ ವಾಲ್ ಎಂಬ ತಂತ್ರಜ್ಞರು 'ಪ್ಯಾಚ್' ಎಂಬ ಹೆಸರಿನದೇ ಒಂದು ಉಪಯುಕ್ತ ತಂತ್ರಾಂಶ ಬರೆದು ಯೂನಿಕ್ಸ್ ಬಳಕೆದಾರರಿಗೆ ಹಂಚಿದರು. ಇಡೀ ಕಡತವನ್ನು ಕಳಿಸುವ ಬದಲು ಯಾವ ಸಾಲು ಬದಲಾಗಬೇಕೋ ಅದನ್ನಷ್ಟೇ ಕಳಿಸಿದರೆ ಉಳಿದದ್ದನ್ನು ಈ ತಂತ್ರಾಂಶ ನೋಡಿಕೊಳ್ಳುತ್ತಿತ್ತು. ಅದರಲ್ಲಿ ಹಾಕಿದ ತೇಪೆಯನ್ನು ತಿರುಗುಮುರುಗಾಗಿ ಹಾಕಿ ಬಿಚ್ಚುವ ಸೌಲಭ್ಯವನ್ನೂ ವಾಲ್ ಇಟ್ಟಿದ್ದರು.

ಮನೆ, ಕಚೇರಿಗಳ ಪುಟ್ಟ ಕಂಪ್ಯೂಟರುಗಳಿಗೆ ಈ ವಿವೇಕ ನಿಧಾನವಾಗಿ ಬಂತು. 1993ರಲ್ಲಿ ಬಂದ ವಿಂಡೋಸ್ ಎನ್‌ಟಿಯಲ್ಲಿ 'ಕೊನೆಯ ಬಾರಿ ಸರಿಯಿದ್ದ ಸ್ಥಿತಿ' ಎಂಬ ಏರ್ಪಾಡಿತ್ತು. ಕಂಪ್ಯೂಟರ್ ಎದ್ದು, ಬಳಕೆದಾರ ಪಾಸ್‌ವರ್ಡ್ ಕೊಟ್ಟು ಒಳಗೆ ಹೋದರೆ ಮಾತ್ರ ಆ ದಿನದ ಮುಖ್ಯ ಸಂರಚನೆಯನ್ನು 'ಸರಿ' ಎಂದು ಗುರುತು ಹಾಕಿಕೊಳ್ಳುತ್ತಿತ್ತು. ಮರುದಿನ ಏನಾದರೂ ಕೆಟ್ಟರೆ ಆ ಗುರುತಿಗೆ ಮರಳಬಹುದಿತ್ತು. ವಿಂಡೋಸ್ 95ರಲ್ಲಿ ಅತ್ಯಗತ್ಯವಾದಷ್ಟನ್ನೇ ಇಟ್ಟುಕೊಂಡು ಏಳುವ ಸುರಕ್ಷಿತ ಸ್ಥಿತಿ, ಅಂದರೆ 'ಸೇಫ್ ಮೋಡ್' ಬಂತು. 1998ರಲ್ಲಿ ವಿಂಡೋಸ್ 98ರೊಂದಿಗೆ ಇಂಟರ್‌ನೆಟ್ಟಿನ ಮೂಲಕವೇ ತೇಪೆ ಪಡೆಯುವ ವ್ಯವಸ್ಥೆ ಆರಂಭವಾಯಿತು. 2000ದ ವಿಂಡೋಸ್ ಎಂಇಯಲ್ಲಿ, ಮರುವರ್ಷದ ವಿಂಡೋಸ್ ಎಕ್ಸ್‌ಪಿಯಲ್ಲಿ, ವ್ಯವಸ್ಥೆಯನ್ನು ಹಿಂದಿನ ಒಂದು ದಿನಕ್ಕೆ ಮರಳಿಸುವ 'ಸಿಸ್ಟಂ ರಿಸ್ಟೋರ್' ಕಾಣಿಸಿತು.

ಇಷ್ಟೆಲ್ಲ ಇದ್ದರೂ ಜನರಿಗೆ ತೇಪೆಯ ಬಗ್ಗೆ ಅಳುಕು ಹೋಗಲಿಲ್ಲ. ಅದಕ್ಕೆ ಕಾರಣಗಳೂ ಇದ್ದವು. 1999ರಲ್ಲಿ ವಿಂಡೋಸ್ ಎನ್‌ಟಿಗೆ ಬಂದ ಆರನೆಯ ತೇಪೆಗಂಟನ್ನು ಹಾಕಿಕೊಂಡ ಕಚೇರಿಗಳಲ್ಲಿ ಸಾಮಾನ್ಯ ನೌಕರರಿಗೆ ಲೋಟಸ್ ನೋಟ್ಸ್‌ನಂಥ ತಂತ್ರಾಂಶಗಳೇ ಕೆಲಸ ಮಾಡದಾದವು. ಅದನ್ನು ತಿದ್ದಲು ಇನ್ನೊಂದು ಗಂಟನ್ನು ಬಿಡುಗಡೆ ಮಾಡಬೇಕಾಯಿತು. ಕೆಲಸ ನಡೆಯುತ್ತಿದ್ದರೆ ಮುಟ್ಟಬೇಡ ಎಂಬ ನೀತಿಯನ್ನು ಹಲವರು ಪಾಲಿಸತೊಡಗಿದರು. ಈ ನೀತಿಗೆ ತೆರಬೇಕಾದ ಬೆಲೆ ಎಷ್ಟೆಂಬುದು 2003ರಲ್ಲಿ ಗೊತ್ತಾಯಿತು.

ಹಾಕದವರ ಪಾಡು

2003ರ ಜನವರಿ 25ರಂದು ಸ್ಲಾಮರ್ ಎಂಬ ಹುಳು ಮೈಕ್ರೋಸಾಫ್ಟ್‌ನ ದತ್ತಾಂಶ ತಂತ್ರಾಂಶದ ಒಂದು ಬಿರುಕಿನೊಳಗೆ ನುಸುಳಿತು. ಆರಂಭದಲ್ಲಿ ಅದು ಪ್ರತಿ ಎಂಟೂವರೆ ಸೆಕೆಂಡಿಗೆ ಇಮ್ಮಡಿಯಾಯಿತು. ಅದರ ಕೈಗೆ ಸಿಗಬಹುದಾಗಿದ್ದ ಯಂತ್ರಗಳಲ್ಲಿ ಬಹುಪಾಲು ಹತ್ತೇ ನಿಮಿಷದಲ್ಲಿ ಸೋಂಕಿಗೆ ತುತ್ತಾದವು. ಆ ಬಿರುಕನ್ನು ಮುಚ್ಚುವ ತೇಪೆ ಆರು ತಿಂಗಳ ಹಿಂದೆಯೇ ಸಿದ್ಧವಾಗಿತ್ತು! ಅದೇ ವರ್ಷದ ಆಗಸ್ಟ್ 11ರಂದು ಬ್ಲಾಸ್ಟರ್ ಎಂಬ ಇನ್ನೊಂದು ಹುಳು ಬಂತು. ಅದರ ತೇಪೆಯೂ ಜುಲೈ 16ರಂದೇ ಬಂದಿತ್ತು.

ತೇಪೆ ಪ್ರಕಟವಾಯಿತೆಂದರೆ ಬಿರುಕು ಎಲ್ಲಿದೆ ಎಂಬುದೂ ಪ್ರಕಟವಾದಂತೆ. ತೇಪೆಯನ್ನು ಬಿಡಿಸಿ ನೋಡಿದ ದುಷ್ಕರ್ಮಿ, ಅದನ್ನು ಇನ್ನೂ ಹಾಕದವರ ಮನೆಗೆ ದಾರಿ ಕಂಡುಕೊಳ್ಳುತ್ತಾನೆ. ಆದ್ದರಿಂದ ವಿಳಂಬ ಮಾಡಿದಷ್ಟೂ ಅಪಾಯ ಹೆಚ್ಚು. 2003ರ ಅಕ್ಟೋಬರಿನಿಂದ ಮೈಕ್ರೋಸಾಫ್ಟ್ ತಿಂಗಳ ಎರಡನೆಯ ಮಂಗಳವಾರ ತೇಪೆಗಳನ್ನು ಒಟ್ಟಾಗಿ ಕೊಡುವ ಪದ್ಧತಿ ಆರಂಭಿಸಿತು. ಯಾವ ದಿನ ಬರುತ್ತದೆಂದು ಗೊತ್ತಿದ್ದರೆ ಕಚೇರಿಗಳು ಪರೀಕ್ಷೆಗೆ ಸಿದ್ಧವಾಗಿರಬಹುದು ಎಂಬುದು ಇದರ ಹಿಂದಿನ ಲೆಕ್ಕ.

ಆದರೂ 2017ರ ಮೇ 12ರಂದು ವಾನ್ನಕ್ರೈ ಬಂತು. ಕಡತಗಳಿಗೆಲ್ಲ ಬೀಗ ಜಡಿದು ಹಣ ಕೇಳುವ ಈ ಹುಳು ಬಳಸಿದ ಬಿರುಕಿಗೆ ಮಾರ್ಚ್ 14ರಂದೇ ತೇಪೆ ಬಂದಿತ್ತು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಇಂಗ್ಲೆಂಡಿನ 236 ಟ್ರಸ್ಟ್‌ಗಳ ಪೈಕಿ ಕನಿಷ್ಠ 80ಕ್ಕೆ ಇದರ ಬಿಸಿ ತಟ್ಟಿತು. ರದ್ದಾದ ವೈದ್ಯರ ಭೇಟಿ ಮತ್ತು ಶಸ್ತ್ರಚಿಕಿತ್ಸೆಗಳ ಸಂಖ್ಯೆ 19 ಸಾವಿರಕ್ಕೂ ಹೆಚ್ಚೆಂದು ಅಂದಾಜು ಮಾಡಲಾಯಿತು. ತೇಪೆ ಹಾಕಿಕೊಳ್ಳಲು ಅಂಜಿದ ಅಥವಾ ಪುರುಸೊತ್ತಾಗದ ಕಚೇರಿಯ ತಪ್ಪಿಗೆ ಬೆಲೆ ತೆತ್ತವರು ಆಸ್ಪತ್ರೆಯ ಬೆಂಚಿನ ಮೇಲೆ ಕಾಯುತ್ತಿದ್ದವರು.

ಹಾಕಿದರೆ ಕೆಡಬಹುದು, ಹಾಕದಿದ್ದರೆ ಕೆಡುವ ಸಂಭವ ಇನ್ನೂ ಹೆಚ್ಚು. ಈ ಇಕ್ಕಟ್ಟಿನಿಂದ ಪಾರಾಗುವ ದಾರಿ ಒಂದೇ: ಹಾಕುವುದು, ಆದರೆ ಮರಳುವ ದಾರಿಯನ್ನು ಮೊದಲೇ ಕಟ್ಟಿಕೊಂಡು ಹಾಕುವುದು.

ಹೊಸ ನೀರು, ಹಳೆ ನೀರು

ಮರಳುವ ದಾರಿ ಎಂದಾಗ ಒಂದು ಭ್ರಮೆ ಹಲವರಲ್ಲಿದೆ. ಆಪರೇಟಿಂಗ್ ಸಿಸ್ಟಂ ಹಿಂದಿನ ಸ್ಥಿತಿಗೆ ಬಂದರೆ ತಮ್ಮ ಫೋಟೋ, ಪತ್ರ, ಲೆಕ್ಕಗಳೂ ಮರಳಿದವೆಂದೇ ಅವರು ತಿಳಿಯುತ್ತಾರೆ. ಇವೆರಡೂ ಬೇರೆ ಬೇರೆ. ಸಿಸ್ಟಂ ರಿಸ್ಟೋರ್ ವ್ಯವಸ್ಥೆಯ ಕಡತಗಳನ್ನು ಮಾತ್ರ ಹಿಂದಕ್ಕೆ ಒಯ್ಯುತ್ತದೆ. ನಿಮ್ಮ ಸ್ವಂತ ಕಡತಗಳನ್ನು ಅದು ಮುಟ್ಟುವುದಿಲ್ಲ. ಅಂದರೆ ಅಳಿಸುವುದೂ ಇಲ್ಲ, ಅಳಿದುಹೋದದ್ದನ್ನು ತಂದುಕೊಡುವುದೂ ಇಲ್ಲ.

2018ರ ಅಕ್ಟೋಬರ್ 2ರಂದು ವಿಂಡೋಸ್ 10ಕ್ಕೆ ಬಂದ ದೊಡ್ಡ ಅಪ್‌ಡೇಟ್ ಈ ವ್ಯತ್ಯಾಸವನ್ನು ಕಹಿಯಾಗಿಯೇ ಕಲಿಸಿತು. ತಮ್ಮ ದಾಖಲೆಗಳ ಫೋಲ್ಡರನ್ನು ಮಾಮೂಲಿ ಜಾಗದಿಂದ ಬೇರೆಡೆಗೆ ಸಾಗಿಸಿದ್ದ ಕೆಲವರ ಯಂತ್ರಗಳಲ್ಲಿ ಹಳೆಯ ಜಾಗದ ಫೋಲ್ಡರನ್ನು ಅದು ಖಾಲಿ ಎಂದು ಭಾವಿಸಿ ಅಳಿಸಿತು. ಅಲ್ಲಿ ಉಳಿದಿದ್ದ ಕಡತಗಳೂ ಹೋದವು. ಹೊಸ ನೀರು ಬಂದು ಹಳೆ ನೀರನ್ನು ಕೊಚ್ಚಿಕೊಂಡು ಹೋಯಿತು. ಇಂಥ ದೂರುಗಳ ಪ್ರಮಾಣ ಹತ್ತು ಸಾವಿರಕ್ಕೆ ಒಂದು ಎಂದು ಮೈಕ್ರೋಸಾಫ್ಟ್ ಹೇಳಿತು. ಕೆಲವೇ ದಿನಗಳಲ್ಲಿ ವಿತರಣೆ ನಿಲ್ಲಿಸಿ, ಸರಿಪಡಿಸಿ, ನವೆಂಬರ್ 13ರಂದು ಮತ್ತೆ ಬಿಡುಗಡೆ ಮಾಡಿತು. ಹತ್ತು ಸಾವಿರಕ್ಕೆ ಒಂದು ಎಂಬುದು ಅಂಕಿಅಂಶದಲ್ಲಿ ಸಣ್ಣದು. ಆ ಒಬ್ಬರಿಗೆ ಅದು ಪೂರ್ತಿ ನಷ್ಟ. ಹಳೆಯ ಆವೃತ್ತಿಗೆ ಮರಳಿದ ಮಾತ್ರಕ್ಕೆ ಕಡತಗಳು ಬರಲಿಲ್ಲ. ಬೇರೊಂದು ಡಿಸ್ಕಿನಲ್ಲಿ ಪ್ರತಿ ಇಟ್ಟುಕೊಂಡವರು ನಿಶ್ಚಿಂತರಾಗಿದ್ದರು.

ಮಂಗಳನಲ್ಲೊಂದು ಸೇಫ್ ಮೋಡ್

ನಮ್ಮ ಮೇಜಿನ ಮೇಲಿನ ಕಂಪ್ಯೂಟರ್ ಕೆಟ್ಟರೆ ತಿಳಿದವರನ್ನು ಕರೆಸಬಹುದು. ಯಾರೂ ಹೋಗಲಾಗದ ಜಾಗದಲ್ಲಿ ಕೆಟ್ಟರೆ? ಮರಳುವ ದಾರಿಯ ನಿಜವಾದ ಬೆಲೆ ಗೊತ್ತಾದದ್ದು ಇಂಥ ಕಡೆ.

1976ರ ಜುಲೈ 20ರಂದು ಮಂಗಳನ ಮೇಲೆ ಇಳಿದ ಅಮೆರಿಕದ ವೈಕಿಂಗ್ 1 ನೌಕೆ 90 ದಿನದ ಕೆಲಸಕ್ಕೆಂದು ಹೋಗಿ ಆರು ವರ್ಷ ಬಾಳಿತು. 1982ರ ನವೆಂಬರಿನಲ್ಲಿ ಅದರ ಮುಪ್ಪಾದ ಬ್ಯಾಟರಿಗಳನ್ನು ಉತ್ತಮಗೊಳಿಸಲು ಭೂಮಿಯಿಂದ ಹೊಸ ಸೂಚನೆಗಳನ್ನು ಕಳಿಸಲಾಯಿತು. ಆ ಸೂಚನೆಗಳು ತಪ್ಪಿ, ಆಂಟೆನಾವನ್ನು ಭೂಮಿಯತ್ತ ತಿರುಗಿಸುವ ಮಾಹಿತಿಯಿದ್ದ ಜಾಗದ ಮೇಲೆಯೇ ಬರೆಯಲ್ಪಟ್ಟವು. ಭೂಮಿ ಎಲ್ಲಿದೆಯೆಂಬುದೇ ನೌಕೆಗೆ ಮರೆತುಹೋಯಿತು. ತಪ್ಪನ್ನು ತಿದ್ದುವ ಸಂದೇಶವನ್ನು ಕೇಳಿಸಿಕೊಳ್ಳುವ ಕಿವಿಯೇ ಇಲ್ಲವಾಯಿತು. ಮತ್ತೆ ಅದು ಮಾತಾಡಲಿಲ್ಲ.

2004ರ ಜನವರಿಯಲ್ಲಿ ಅದೇ ಗ್ರಹಕ್ಕೆ ಇಳಿದ ಸ್ಪಿರಿಟ್ ಎಂಬ ಪುಟ್ಟ ಬಂಡಿಯ ಕಥೆ ಬೇರೆ. ಇಳಿದ ಎರಡೂವರೆ ವಾರಕ್ಕೆ, ಜನವರಿ 21ರಂದು, ಅದು ಮೌನವಾಯಿತು. ಅದರ ಕಂಪ್ಯೂಟರ್ ಎದ್ದು, ಬಿದ್ದು, ಮತ್ತೆ ಏಳುತ್ತಿತ್ತು. ಹೀಗೆ 60ಕ್ಕೂ ಹೆಚ್ಚು ಬಾರಿ ಆಯಿತು. ನಿದ್ರೆಯಿಲ್ಲದೆ ಬ್ಯಾಟರಿ ಖಾಲಿಯಾಗುತ್ತಿತ್ತು. ಫ್ಲಾಶ್ ಮೆಮೊರಿಯಲ್ಲಿ ಪ್ರಯಾಣ ಕಾಲದ ಹಳೆಯ ಕಡತಗಳೂ ಸೇರಿ ರಾಶಿಬಿದ್ದಿದ್ದವು. ಅವುಗಳ ಪಟ್ಟಿಯನ್ನು ಓದಿಕೊಳ್ಳಲು ಕಂಪ್ಯೂಟರಿನ ಬಳಿ ಜಾಗ ಸಾಲುತ್ತಿರಲಿಲ್ಲ. ಹಾಗಾಗಿ ಎದ್ದ ಪ್ರತಿ ಸಲವೂ ಅಲ್ಲಿಯೇ ಮುಗ್ಗರಿಸುತ್ತಿತ್ತು.

ಆದರೆ ಸ್ಪಿರಿಟ್‌ನ ನಿರ್ಮಾಪಕರು ಒಂದು ಹಿಂಬಾಗಿಲು ಇಟ್ಟಿದ್ದರು. ಫ್ಲಾಶ್ ಮೆಮೊರಿಯನ್ನು ಮುಟ್ಟದೆಯೇ, ಅಂಗವಿಕಲ ಸ್ಥಿತಿಯಲ್ಲಾದರೂ, ಏಳುವಂತೆ ಅದಕ್ಕೆ ಹೇಳಬಹುದಿತ್ತು. ಆ ಆದೇಶ ಕೋಟಿಗಟ್ಟಲೆ ಕಿಲೋಮೀಟರ್ ದಾಟಿ ಹೋಯಿತು. ಬಂಡಿ ಎದ್ದು ನಿಂತಿತು. ಬೇಡದ ಕಡತಗಳನ್ನು ಅಳಿಸಿ, ಮೆಮೊರಿಯನ್ನು ಹೊಸದಾಗಿ ಸಜ್ಜುಗೊಳಿಸಿದರು. 90 ದಿನಕ್ಕೆಂದು ಕಳಿಸಿದ್ದ ಸ್ಪಿರಿಟ್ 2010ರ ಮಾರ್ಚ್‌ವರೆಗೆ ಸಂದೇಶ ಕಳಿಸುತ್ತಿತ್ತು. ಮನೆಯ ಕಂಪ್ಯೂಟರಿನ ಸೇಫ್ ಮೋಡ್ ಮಾಡುವುದೂ ಇದನ್ನೇ. ತೊಂದರೆ ಕೊಡುವುದನ್ನು ಬದಿಗಿಟ್ಟು, ತಿದ್ದಲು ಬೇಕಾದಷ್ಟರ ಮಟ್ಟಿಗೆ ಎದ್ದು ನಿಲ್ಲುವುದು.

ಎರಡು ಕೋಣೆಗಳ ಉಪಾಯ

ಭೂಮಿಯ ಮೇಲಿನ ಯಂತ್ರಗಳಿಗೂ ಈಚಿನ ವರ್ಷಗಳಲ್ಲಿ ಇಂಥ ಜಾಣ್ಮೆ ಬಂದಿದೆ. 2016ರ ಆಂಡ್ರಾಯ್ಡ್ 7ರಿಂದ ಮೊಬೈಲುಗಳಲ್ಲಿ, ಅದಕ್ಕೂ ಮೊದಲೇ ಗೂಗಲ್‌ನ ಕ್ರೋಮ್‌ಬುಕ್‌ಗಳಲ್ಲಿ, ಎರಡು ಕೋಣೆಗಳ ಪದ್ಧತಿ ಕಾಣುತ್ತದೆ. ಆಪರೇಟಿಂಗ್ ಸಿಸ್ಟಂ ಒಂದು ಕೋಣೆಯಿಂದ ಕೆಲಸ ಮಾಡುತ್ತಿರುವಾಗಲೇ ಹೊಸ ಆವೃತ್ತಿಯನ್ನು ಪಕ್ಕದ ಕೋಣೆಯಲ್ಲಿ ಸಜ್ಜುಗೊಳಿಸಲಾಗುತ್ತದೆ. ಮುಂದಿನ ಬಾರಿ ಫೋನ್ ಆರಿಸಿ ಹಚ್ಚಿದಾಗ ಹೊಸ ಕೋಣೆಯಿಂದ ಏಳುತ್ತದೆ. ಏಳಲಾಗದಿದ್ದರೆ ತಾನಾಗಿಯೇ ಹಳೆಯ ಕೋಣೆಗೆ ಮರಳುತ್ತದೆ. ಐಬಿಎಂನ 'ಹಚ್ಚು, ಒಪ್ಪು, ಮರಳಿಸು' ನಮ್ಮ ಜೇಬಿಗೆ ಬಂದದ್ದು ಹೀಗೆ. ವಿಂಡೋಸ್ ಕೂಡ ದೊಡ್ಡ ಆವೃತ್ತಿ ಬದಲಾವಣೆಯ ನಂತರ ಹಳೆಯದನ್ನು ಒಂದು ಫೋಲ್ಡರಿನಲ್ಲಿ ಸಾಮಾನ್ಯವಾಗಿ 10 ದಿನ ಕಾಪಿಡುತ್ತದೆ. ಅಷ್ಟರೊಳಗೆ ಮರಳಬಹುದು, ಆಮೇಲೆ ಆ ಬಾಗಿಲು ಮುಚ್ಚುತ್ತದೆ. 2024ರ ಪ್ರಸಂಗದ ತರುವಾಯ ಮೈಕ್ರೋಸಾಫ್ಟ್, ಪದೇ ಪದೇ ಬೀಳುವ ಯಂತ್ರವು ದುರಸ್ತಿ ಸ್ಥಿತಿಯಿಂದಲೇ ಇಂಟರ್‌ನೆಟ್ಟಿಗೆ ಹೋಗಿ ಪರಿಹಾರ ತರುವ ಏರ್ಪಾಡನ್ನು 2025ರಲ್ಲಿ ವಿಂಡೋಸ್ 11ಕ್ಕೆ ಸೇರಿಸಿತು. ಕ್ರೌಡ್‌ಸ್ಟ್ರೈಕ್ ಕೂಡ ತನ್ನ ಕಡತಗಳನ್ನು ಎಲ್ಲರಿಗೂ ಒಮ್ಮೆಗೇ ಕಳಿಸದೆ ಹಂತಹಂತವಾಗಿ ಕಳಿಸುವುದಾಗಿ ಹೇಳಿತು.

ನಾವೇನು ಮಾಡಬೇಕು?

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆವೃತ್ತಿ ಬದಲಿಸುವ ಸಂದರ್ಭ ಹಲವು ಮನೆಗಳಲ್ಲಿ ಬಂದಿದೆ, ಬರಲಿದೆ. ಚರಿತ್ರೆಯ ಪಾಠಗಳನ್ನು ಮನೆಯ ಮಟ್ಟಕ್ಕೆ ಇಳಿಸಿದರೆ ಹೀಗೆ ಹೇಳಬಹುದು.

ಮೊದಲನೆಯದು, ಅಪ್‌ಡೇಟಿಗೆ ಮುನ್ನ ನಿಮ್ಮ ಸ್ವಂತ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೆ ಹಾಕಿ, ಆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿಡಿ. ಜೋಡಿಸಿಯೇ ಇಟ್ಟರೆ ವಾನ್ನಕ್ರೈನಂಥ ಹುಳು ಅದಕ್ಕೂ ಬೀಗ ಹಾಕೀತು. ಪ್ರತಿಯಿಂದ ಒಂದೆರಡು ಕಡತಗಳನ್ನು ತೆರೆದು ನೋಡಿ. ತೆರೆಯಲಾಗದ ಪ್ರತಿ, ಪ್ರತಿಯೇ ಅಲ್ಲ.

ಎರಡನೆಯದು, ಸಿಸ್ಟಂ ರಿಸ್ಟೋರ್ ಚಾಲೂ ಇದೆಯೇ ಎಂದು ಪರೀಕ್ಷಿಸಿ. ಹಲವು ಕಂಪ್ಯೂಟರುಗಳಲ್ಲಿ ಅದು ತಾನಾಗಿ ಚಾಲೂ ಇರುವುದಿಲ್ಲ. ಕಂಪ್ಯೂಟರ್ ಸುಸ್ಥಿತಿಯಲ್ಲಿದ್ದಾಗಲೇ ದುರಸ್ತಿಗೆ ಬೇಕಾದ ಪೆನ್‌ಡ್ರೈವ್ ಒಂದನ್ನು ಸಿದ್ಧಪಡಿಸಿಕೊಳ್ಳಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿ ಫಲವಿಲ್ಲ.

ಮೂರನೆಯದು, ಭದ್ರತೆಯ ತೇಪೆಗಳನ್ನು ತಡ ಮಾಡದೆ ಹಾಕಿ. ಹೊಸ ಚೆಂದ, ಹೊಸ ಸೌಲಭ್ಯಗಳ ದೊಡ್ಡ ಆವೃತ್ತಿಗೆ ಮಾತ್ರ ಕೆಲವು ವಾರ ಕಾದರೆ ನಷ್ಟವಿಲ್ಲ. 2014ರ ಸೆಪ್ಟೆಂಬರಿನಲ್ಲಿ ಆಪಲ್ ಬಿಡುಗಡೆ ಮಾಡಿದ ಒಂದು ಅಪ್‌ಡೇಟ್ ಹೊಸ ಐಫೋನುಗಳಲ್ಲಿ ಕರೆ ಸೌಲಭ್ಯವನ್ನೇ ನಿಲ್ಲಿಸಿತ್ತು. ಸುಮಾರು ಒಂದು ಗಂಟೆಯಲ್ಲಿ ಅದನ್ನು ಹಿಂತೆಗೆದುಕೊಂಡಾಗ ಸಿಕ್ಕಿಬಿದ್ದವರು, ಬಂದ ತಕ್ಷಣ ಹಾಕಿಕೊಂಡವರು ಮಾತ್ರ.

ನಾಲ್ಕನೆಯದು, ಅಪ್‌ಡೇಟ್ ನಡೆಯುವಾಗ ವಿದ್ಯುತ್ ಹೋಗದಂತೆ ನೋಡಿಕೊಳ್ಳಿ. ಅರ್ಧ ಹಳೆಯದು, ಅರ್ಧ ಹೊಸದಾದ ವ್ಯವಸ್ಥೆ ಯಾವ ಕಡೆಗೂ ಸಲ್ಲದು. ಪರದೆ ನಿಂತಂತೆ ಕಂಡರೂ ಆತುರಪಟ್ಟು ಸ್ವಿಚ್ ಆರಿಸಬೇಡಿ.

ಇಷ್ಟಾಗಿಯೂ ಕೆಟ್ಟರೆ ಸಣ್ಣ ಚಿಕಿತ್ಸೆಯಿಂದ ದೊಡ್ಡದಕ್ಕೆ ಹೋಗಬೇಕು. ವಿಂಡೋಸ್ ಕೆಲವು ಬಾರಿ ಏಳಲಾಗದೆ ಸೋತರೆ ದುರಸ್ತಿಯ ಪರದೆ ತಾನಾಗಿ ಬರುತ್ತದೆ. ಮೊದಲು ಸೇಫ್ ಮೋಡ್, ನಂತರ ಇತ್ತೀಚಿನ ಅಪ್‌ಡೇಟನ್ನು ತೆಗೆಯುವುದು, ಆಮೇಲೆ ಸಿಸ್ಟಂ ರಿಸ್ಟೋರ್. ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುವುದು ಕೊನೆಯ ಮದ್ದು. ಹಲವರು ಗಾಬರಿಯಲ್ಲಿ ಮೊದಲು ಮಾಡುವುದೇ ಅದನ್ನು.

ಕಡೆಯದಾಗಿ ಒಂದು ಎಚ್ಚರಿಕೆ. ಡಿಸ್ಕಿಗೆ ರಹಸ್ಯ ಲಿಪಿಯ ರಕ್ಷಣೆಯಿರುವ ಕಂಪ್ಯೂಟರುಗಳಲ್ಲಿ ದುರಸ್ತಿಯ ವೇಳೆ 48 ಅಂಕಿಗಳ ಒಂದು ಕೀಲಿಯನ್ನು ವಿಂಡೋಸ್ ಕೇಳಬಹುದು. 2024ರ ಆ ಶುಕ್ರವಾರ ಎಷ್ಟೋ ಕಚೇರಿಗಳ ಕೆಲಸ ನಿಧಾನವಾಗಲು ಈ ಕೀಲಿಯೂ ಒಂದು ಕಾರಣವಾಯಿತು. ಕೀಲಿ ಇಟ್ಟಿದ್ದ ಕಂಪ್ಯೂಟರೇ ಮಲಗಿದ್ದರೆ ಅದನ್ನು ತೆಗೆಯುವುದು ಹೇಗೆ? ಇಂದೇ ಆ 48 ಅಂಕಿಗಳನ್ನು ಹುಡುಕಿ ಒಂದು ಕಾಗದದ ಮೇಲೆ ಬರೆದು, ಮನೆಯ ಮುಖ್ಯ ಪತ್ರಗಳ ಜೊತೆ ಇಟ್ಟುಬಿಡಿ. ಕಾಗದದ ಚೂರಿನಿಂದ ಆರಂಭವಾದ ತೇಪೆಯ ಚರಿತ್ರೆಯಲ್ಲಿ ಕಾಗದಕ್ಕೆ ಇನ್ನೂ ಕೆಲಸವಿದೆ.